ಇವರು ಕುಡಿಯದ ನೀರು

ನಮ್ಮ ಅಡುಗೆಕೋಣೆಯಲ್ಲಿ ಹೆಚ್ಚುವ ಹಲಗೆಗಳು ಮೂರಿವೆ. ಹಸಿರು ತರಕಾರಿಗೆ, ಹಳದಿ ಹಣ್ಣಿಗೆ, ಕೆಂಪು ಮಾಂಸಕ್ಕೆ. ನಮ್ಮ ಮನೆಯೊಳಗೆ ತಲೆತಲಾಂತರದಿಂದ ಮಾಂಸ ಬಂದದ್ದಿಲ್ಲ. ಆದರೆ ಸ್ವಚ್ಛತೆಯ ನಿಯಮದಲ್ಲಿ ಮೂರು ಎಂದು ಇದ್ದ ಮೇಲೆ ಮುಗಿಯಿತು, ಕೆಂಪು ಹಲಗೆಯೂ ಬಂತು. ಯಾರೂ ಮುಟ್ಟದ ಆ ಹಲಗೆಯನ್ನು ನಾನು ಪ್ರತಿ ಶನಿವಾರ ಉಪ್ಪು, ಲಿಂಬೆ ಹಾಕಿ ತಿಕ್ಕಿ ತೊಳೆಯುತ್ತೇನೆ. ತರಕಾರಿ ಹೆಚ್ಚುವುದು ಮಾತ್ರ ಈಗಲೂ ಅತ್ತೆಯ ಕಾಲದ ಮೆಟ್ಟುಕತ್ತಿಯಲ್ಲೇ, ಇವರು ಪೇಪರ್ ಓದುವ ಹೊತ್ತು ನೋಡಿಕೊಂಡು.

ಇವರು ಎಂದರೆ ನನ್ನ ಗಂಡ ವೆಂಕಟೇಶ್ವರ. ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ವಿಜ್ಞಾನ ಕಲಿಸಿದವರು. ನಿವೃತ್ತಿಯಾದ ಮರುದಿನ ಬೈಯಲು ಮಕ್ಕಳಿರಲಿಲ್ಲ, ಹಾಗಾಗಿ ಸೂಕ್ಷ್ಮಜೀವಿಗಳನ್ನು ಹಿಡಿದುಕೊಂಡರು. ಮಿಜಾರಿನಿಂದ ಬೆಳ್ತಂಗಡಿಯವರೆಗೆ ಯಾವ ಮಹಿಳಾ ಮಂಡಲ ಕರೆದರೂ ಹೋಗಿ ‘ಸ್ವಚ್ಛ ಅಡುಗೆಮನೆ’ ಎಂಬ ಉಪನ್ಯಾಸ ಕೊಡುತ್ತಾರೆ. ಅದೇ ಹೆಸರಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ ಇದ್ದಾರೆ. ಪಾತ್ರೆ ಒರೆಸುವ ಬಟ್ಟೆಯಲ್ಲಿ ಎಷ್ಟು ಕೋಟಿ ಬ್ಯಾಕ್ಟೀರಿಯಾ ವಾಸವಾಗಿದೆ ಎಂಬುದು ಇವರಿಗೆ ಬಾಯಿಪಾಠ. ಆ ಬಟ್ಟೆ ನಮ್ಮ ಮನೆಯಲ್ಲಿ ಎಲ್ಲಿದೆ ಎಂದು ಕೇಳಿದರೆ ಗೊತ್ತಿಲ್ಲ.

ನನ್ನ ಅಡುಗೆಕೋಣೆಗೆ ಒಂದು ಕಿಟಕಿ ಇತ್ತು. ಪಕ್ಕದ ಮನೆಯ ನುಗ್ಗೆಮರ, ಅದರ ಬುಡದಲ್ಲಿ ಕೆದಕುವ ಕೋಳಿಗಳು, ರಸ್ತೆಯ ತಿರುವಿನ ಒಂದು ತುಂಡು, ಇಷ್ಟು ಕಾಣುತ್ತಿತ್ತು. ನೊಣ ಬರುತ್ತದೆ ಎಂದು ಆರು ವರ್ಷದ ಹಿಂದೆ ಇವರು ಅದನ್ನು ಕಲ್ಲು ಕಟ್ಟಿಸಿ ಮುಚ್ಚಿದರು. ಈಗ ಅಲ್ಲೊಂದು ಎಕ್ಸಾಸ್ಟ್ ಫ್ಯಾನ್, ಅದರ ಕೆಳಗೆ ಲ್ಯಾಮಿನೇಟ್ ಮಾಡಿಸಿದ ಹದಿನಾಲ್ಕು ನಿಯಮಗಳು. ದೋಸೆ ಎರೆಯುವಾಗ ನಾನು ಅವುಗಳ ದರ್ಶನ ಮಾಡುತ್ತೇನೆ. ಆರು ವರ್ಷಗಳಲ್ಲಿ ನನಗೆ ಹದಿನಾಲ್ಕೂ ಕಂಠಪಾಠವಾಗಿವೆ, ನೊಣ ಮಾತ್ರ ಮುಂಬಾಗಿಲಿನಿಂದ ಬರುತ್ತದೆ.

ಹೀಗಿರುವಾಗ ಕಳೆದ ವರ್ಷ ಇವರಿಗೆ ಸಮುದ್ರ ಹಿಡಿಯಿತು. ಕಡಲ ಗಾಳಿಯಲ್ಲಿ ಅಯೋಡಿನ್ ಉಂಟಂತೆ, ಪುಪ್ಪುಸ ಶುದ್ಧವಾಗುತ್ತದಂತೆ, ಬುದ್ಧಿವಂತರೆಲ್ಲ ಈಗ ಕಡಲ ಬದಿಯಲ್ಲೇ ಮನೆ ಮಾಡುವುದಂತೆ. ಮೂರು ತಿಂಗಳು ಭಾನುವಾರ ಭಾನುವಾರ ಫ್ಲ್ಯಾಟು ನೋಡಿದೆವು. ಒಂದರಲ್ಲಿ ಸಮುದ್ರ ಕಾಣುವುದು ಬಚ್ಚಲಿನಿಂದ ಮಾತ್ರ. ಇನ್ನೊಂದರಲ್ಲಿ ಅಡುಗೆಕೋಣೆಗೆ ನಾನು ಹೋದರೆ ಇಡ್ಲಿ ಪಾತ್ರೆ ಹೊರಗೆ ಬರಬೇಕು. ಕೊನೆಗೆ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಹೆಜಮಾಡಿಯಲ್ಲಿ ಹನ್ನೆರಡು ಸೆಂಟ್ಸ್ ಜಾಗ, ಹಂಚಿನ ಮನೆ, ಸಿಹಿನೀರಿನ ಬಾವಿ.

ಕಿನ್ನಿಗೋಳಿ ದಾರಿಯಾಗಿ ಹೋದೆವು. ನಡುವೆ ಒಂದು ಹೋಟೆಲಿನಲ್ಲಿ ಇವರು ಬನ್ಸ್ ತಿಂದು ಚಾ ಕುಡಿದರು. ಸಪ್ಲಾಯರ್ ನಾಲ್ಕು ಲೋಟ ನೀರನ್ನು ಒಂದೇ ಕೈಯಲ್ಲಿ, ಒಂದೊಂದರಲ್ಲಿ ಒಂದೊಂದು ಬೆರಳು ಅದ್ದಿ ತಂದಿಟ್ಟ. ಇವರು ಪೇಪರಿನ ಮೇಲೆ ಕಣ್ಣಿಟ್ಟು ಎರಡು ಲೋಟ ಗಟಗಟ ಕುಡಿದರು. ಇದನ್ನು ಯಾಕೆ ಹೇಳುತ್ತೇನೆ ಎಂದು ಮುಂದೆ ಗೊತ್ತಾಗುತ್ತದೆ.

ಮನೆಯ ಯಜಮಾನ್ತಿ ಬೀಪಾತುಮ್ಮ, ಎಪ್ಪತ್ತರ ಹತ್ತಿರದವರು. ಮೊಣಕಾಲು ಕೈಕೊಟ್ಟದ್ದರಿಂದ ಬಂಟ್ವಾಳದಲ್ಲಿರುವ ಮಗಳು ಸಬೀಹಾಳ ಜೊತೆ ಇರಲು ಹೊರಟಿದ್ದರು. ನಾವು ಹೋಗುವಾಗ ಜಗಲಿಯಲ್ಲಿ ಚಾಪೆ ಹಾಸಿ ಕಾಯುತ್ತಿದ್ದರು. ಕೂರುವ ಮೊದಲೇ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಎರಡು ಲೋಟ ನೀರು ಬಂತು.

“ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಬಾಯಾರಿಕೆ ಕುಡೀರಿ, ಮನೆ ಎಲ್ಲಿಗೂ ಓಡುವುದಿಲ್ಲ” ಎಂದರು.

ನಮ್ಮ ಜಿಲ್ಲೆಯಲ್ಲಿ ಮನೆಗೆ ಬಂದವರಿಗೆ ಬಾಯಾರಿಕೆ ಎಂದು ಬೆಲ್ಲ ನೀರು ಕೊಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ತೆಗೆದುಕೊಳ್ಳುವುದನ್ನು ಕಲಿಸಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಬೇಡ ಬೇಡ, ನನ್ನತ್ರ ಬಾಟ್ಲಿ ಉಂಟು” ಎಂದು ಇವರು ಚೀಲದಿಂದ ಸ್ಟೀಲಿನ ಬಾಟಲಿ ತೆಗೆದರು. “ತಪ್ಪು ತಿಳ್ಕೊಳ್ಬೇಡಿ, ಆರೋಗ್ಯದ ಪ್ರಶ್ನೆ. ನಾನು ಹೊರಗೆ ಎಲ್ಲಿಯೂ ನೀರು ಕುಡಿಯುವುದಿಲ್ಲ.”

ಹೊರಗೆ ಎಲ್ಲಿಯೂ! ಹೋಟೆಲಿನವನ ಬೆರಳಿನ ರುಚಿ ನಾಲಿಗೆಯಿಂದ ಇನ್ನೂ ಇಳಿದಿರಲಿಲ್ಲ. ಅತ್ತೆಯ ಕಾಲದಲ್ಲಿ ಇದಕ್ಕೆ ಮಡಿ ಎನ್ನುತ್ತಿದ್ದರು, ಈಗ ಅದಕ್ಕೆ ಹೈಜೀನ್ ಎಂಬ ಇಂಗ್ಲಿಷ್ ಹೆಸರು ಬಂದಿದೆ. ಬೀಪಾತುಮ್ಮನಿಗೆ ಎರಡೂ ಭಾಷೆ ತಿಳಿಯುತ್ತದೆ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಕೈಯೂ ಲೋಟದ ಹತ್ತಿರ ಒಂದು ಕ್ಷಣ ತಡೆಯಿತು, ಸುಳ್ಳು ಹೇಳಿ ನನಗೇನಾಗಬೇಕು. ಆಮೇಲೆ ಎತ್ತಿ ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಸಮುದ್ರ ಇನ್ನೂರು ಹೆಜ್ಜೆ ದೂರದಲ್ಲಿದೆ ಎಂದರೆ ನಂಬುವ ಹಾಗಿರಲಿಲ್ಲ.

ಅವರ ಅಡುಗೆಕೋಣೆಗೆ ಹೋದೆ. ಒಲೆಯ ಎದುರಿಗೇ ಕಿಟಕಿ, ಕಿಟಕಿಯ ತುಂಬ ಸಮುದ್ರ. ಒಗ್ಗರಣೆ ಹಾಕುತ್ತಾ ದೋಣಿ ಎಣಿಸಬಹುದು. ನಾನು ಅಲ್ಲೇ ನಿಂತುಬಿಟ್ಟೆ. ಐವತ್ತೆಂಟು ವರ್ಷದಲ್ಲಿ ನಾನು ನನಗಾಗಿ ಬಾಯಿಬಿಟ್ಟು ಕೇಳಿದ್ದು ಕಡಿಮೆ. ಕೇಳಿದರೆ ಇವರ ಬಳಿ ಅದರ ವಿರುದ್ಧ ಒಂದು ವೈಜ್ಞಾನಿಕ ಕಾರಣ ಸಿದ್ಧವಿರುತ್ತದೆ. ಆದರೆ ಆ ಕಿಟಕಿ ನನಗೆ ಬೇಕು ಎನಿಸಿತು, ಮಕ್ಕಳಿಗೆ ಮಿಠಾಯಿ ಬೇಕು ಎನಿಸುವ ಹಾಗೆ. ಹೊರಗೆ ಬಂದು ಇವರ ಕಿವಿಯಲ್ಲಿ ಹೇಳಿಯೂ ಹೇಳಿದೆ, “ಇದೇ ಮನೆ ಆಗ್ಲಿ. ನನಗೆ ಬೇರೆ ಯಾವುದೂ ಬೇಡ.”

ಇವರು ಆಗ ಬಾವಿಕಟ್ಟೆಯ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದರು. ಸುತ್ತಲಿನ ಬಾವಿಗಳ ನೀರೆಲ್ಲ ಉಪ್ಪು, ಆದ್ದರಿಂದ ಅಕ್ಕಪಕ್ಕದ ಏಳು ಮನೆಯವರು ಕುಡಿಯುವ ನೀರಿಗೆ ಇಲ್ಲಿಗೇ ಬರುವುದು. ಅವರಿಗಾಗಿ ಬೀಪಾತುಮ್ಮನ ಗಂಡ ಇದ್ದಾಗಲೇ ಕಾಂಪೌಂಡು ಗೋಡೆಯಲ್ಲಿ ಒಬ್ಬರು ದಾಟುವಷ್ಟು ಕಂಡಿ ಬಿಟ್ಟಿದ್ದರಂತೆ.

“ಈ ಕಂಡಿ ಮೊದಲು ಮುಚ್ಚಬೇಕು” ಎಂದು ಇವರು ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ಸ್ವರದಲ್ಲಿ ಹೇಳಿದರು. “ಬಾವಿಗೆ ಗ್ರಿಲ್ ಹಾಕಿ ಬೀಗ. ಕಂಡಕಂಡವರೆಲ್ಲ ಕೊಡ ಇಳಿಸಿದ್ರೆ ನೀರು ಏನಾಗ್ತದೆ?”

ಬೀಪಾತುಮ್ಮ ಕೇಳಿಸಿಕೊಂಡರು. ನಾವು ಹೊರಡುವಾಗ ಬೆಲೆಯ ಮಾತೆತ್ತಿದ್ದಕ್ಕೆ, “ಬೆಲೆ ಆಮೇಲೆ ಮಾತಾಡುವ ಮಾಸ್ಟ್ರೇ. ಇನ್ನೊಮ್ಮೆ ಬನ್ನಿ. ಈ ಬಾವಿದು ಒಂದು ಲೋಟ ನೀರು ಕುಡೀರಿ, ಮತ್ತೆ ಮಾತು” ಎಂದರು.

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹೆಂಗಸು ಇನ್ನೇನು ಹೇಳಬೇಕು? ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತಿತ್ತು. ಆದರೆ ಇವರು ಹೈಸ್ಕೂಲಿನವರಲ್ಲವೇ. ಮುಖ ಅರಳಿಸಿ, “ಖಂಡಿತ, ನೀರಿನ ಪರೀಕ್ಷೆ ಆಗಲೇಬೇಕು. ಲ್ಯಾಬಿಗೆ ಕಳಿಸ್ತೇನೆ” ಎಂದು ಖಾಲಿ ಬಾಟಲಿಯೊಂದನ್ನು ಮುಂದೆ ಚಾಚಿದರು. ಬೀಪಾತುಮ್ಮ ನೋಯುವ ಮೊಣಕಾಲಿನಲ್ಲಿ ಬಾವಿಕಟ್ಟೆ ಹತ್ತಿ ನೀರು ಸೇದಿ ತುಂಬಿಸಿ ಕೊಟ್ಟರು. ನಾನು ನನ್ನ ಲೋಟ ಕುಡಿದಾಗಿತ್ತು, ನನ್ನ ಕರ್ತವ್ಯ ಅಲ್ಲಿಗೆ ಮುಗಿಯಿತು ಎಂಬಂತೆ ಕಾರಿನಲ್ಲಿ ಕೂತೆ. ‘ನೀವೂ ಕುಡಿಯಿರಿ’ ಎಂದು ಎರಡು ಪದ ಹೇಳಬಹುದಿತ್ತು. ಹೇಳಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಮನೆಗೆ ಬಂದ ಮೇಲೆ ಇವರು ನಮ್ಮ ಬಾವಿಯ ನೀರನ್ನೂ ಇನ್ನೊಂದು ಬಾಟಲಿಯಲ್ಲಿ ತುಂಬಿಸಿದರು. ಹೋಲಿಕೆಗೆ ಒಂದು ಒಳ್ಳೆಯ ನೀರು ಬೇಕಲ್ಲ! ‘ನಮ್ಮ ಮನೆ’, ‘ಹೆಜಮಾಡಿ’ ಎಂದು ತಮ್ಮ ಕೈಯಾರೆ ಚೀಟಿ ಬರೆದು ಅಂಟಿಸಿ, ಮಂಗಳೂರಿನ ಒಂದು ಲ್ಯಾಬಿಗೆ ತಾವೇ ಹೋಗಿ ಕೊಟ್ಟುಬಂದರು. ಗುಂಪಿನಲ್ಲಿ ಹಾಕಲು ಒಂದು ಒಕ್ಕಣೆಯನ್ನೂ ಸಿದ್ಧ ಮಾಡಿಟ್ಟುಕೊಂಡರು. ‘ಬಂಧುಗಳೇ, ಎರಡು ಬಾವಿಗಳ ವ್ಯತ್ಯಾಸ ಗಮನಿಸಿ. ಸ್ವಚ್ಛತೆ ಎಂಬುದು ಸಂಸ್ಕಾರದಿಂದ ಬರುವಂಥದ್ದು.’

ಐದನೇ ದಿನ ಬೆಳಿಗ್ಗೆ ವರದಿ ಫೋನಿಗೆ ಬಂತು. ಇವರು ತೆರೆದು ನೋಡಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಪತ್ರಿಕೆಯನ್ನು ಯಾರು ಓದುತ್ತಾರೆ? ಒಕ್ಕಣೆ ಸಮೇತ ಇನ್ನೂರ ಹನ್ನೆರಡು ಜನರಿಗೆ ಕಳಿಸಿ, ಚಾ ಕುಡಿದು, ಆಮೇಲೆ ತೆರೆದರು.

ಹೆಜಮಾಡಿಯ ನೀರು ಕುಡಿಯಲು ಯೋಗ್ಯ. ನಮ್ಮ ಮನೆಯದ್ದು ಅಯೋಗ್ಯ, ಅದರಲ್ಲಿ ಕಕ್ಕಸಿನ ಬ್ಯಾಕ್ಟೀರಿಯಾ ಇದೆ.

ಇವರ ಮುಖದ ಬಣ್ಣ ಕೆಂಪು ಹಲಗೆಯ ಬಣ್ಣಕ್ಕೆ ಬಂತು. ಅವಸರದಲ್ಲಿ ಗುಂಪಿನಿಂದ ಅಳಿಸಲು ಹೋಗಿ, ಎಲ್ಲರ ಫೋನಿನಿಂದ ಅಳಿಸುವ ಬದಲು ತಮ್ಮ ಫೋನಿನಿಂದ ಮಾತ್ರ ಅಳಿಸಿಕೊಂಡರು. ಈಗ ಆ ವರದಿ ಇವರೊಬ್ಬರನ್ನು ಬಿಟ್ಟು ಊರಿಗೆಲ್ಲ ಕಾಣುತ್ತಿತ್ತು. ದೇವರು ಅಪರೂಪಕ್ಕೆ ಒಮ್ಮೆ ಹೆಂಗಸರ ಕಡೆಯೂ ನೋಡುತ್ತಾನೆ.

“ಹೊಸ ಕಕ್ಕಸಿನ ಗುಂಡಿ ಬಾವಿಗೆ ಹದಿನೈದೇ ಅಡಿ ದೂರ ಉಂಟು” ಎಂದು ನಾನು ನೆನಪಿಸಿದೆ. ವಾಸ್ತು ಪ್ರಕಾರ ಅದೇ ಮೂಲೆ ಆಗಬೇಕೆಂದು ಸುಣ್ಣದಲ್ಲಿ ಗೆರೆ ಎಳೆದವರು ವಿಜ್ಞಾನದ ಮಾಸ್ಟ್ರೇ.

“ಲ್ಯಾಬಿನವರು ಬಾಟ್ಲಿ ಅದಲುಬದಲು ಮಾಡಿದ್ದಾರೆ, ಮತ್ತೆಂತ!” ಎಂದರು. ಆಗಲೇ ಬೀಪಾತುಮ್ಮನಿಗೆ ಫೋನು ಹಚ್ಚಿದರು. “ರಿಪೋರ್ಟಿನಲ್ಲಿ ನಿಮ್ಮ ನೀರು ಪಾಸ್ ಅಂತ ಬಂದಿದೆ. ಆದ್ರೆ ನನಗೆ ಸಂಶಯ ಉಂಟು. ಇನ್ನೊಮ್ಮೆ ಸ್ಯಾಂಪಲ್ ತೆಗೀಬೇಕು.”

ಫೋನಿನ ಸ್ಪೀಕರಿನಲ್ಲಿ ಹಿಂದಿನಿಂದ ಸಮುದ್ರದ ಸದ್ದೂ ಕೇಳುತ್ತಿತ್ತು.

“ನನ್ನ ನೀರು ನಲವತ್ತು ವರ್ಷದಿಂದ ಪಾಸೇ ಮಾಸ್ಟ್ರೇ” ಎಂದರು ಬೀಪಾತುಮ್ಮ. “ನೀವು ಯಾವಾಗ ಪಾಸಾಗ್ತೀರಿ?”

ಇವರು ನಕ್ಕರು, ತಮಾಷೆ ಎಂದುಕೊಂಡು. ಎರಡನೇ ಪರೀಕ್ಷೆಗೆ ಬೇರೆ ಲ್ಯಾಬ್ ಹುಡುಕಲು ಹೊರಟರು, ಅದರಲ್ಲೇ ಎರಡು ವಾರ ಕಳೆಯಿತು. ನಾನು ದಿನಾ ನೀರು ಕುದಿಸುತ್ತಿದ್ದೆ, ಕುದಿಸುವಾಗ ಗೋಡೆ ನೋಡುತ್ತಿದ್ದೆ.

ಕಳೆದ ಶುಕ್ರವಾರ ಪೊಳಲಿಯಿಂದ ಮುರಳಿ ಭಾವ ಬಂದರು, ಇವರ ತಂಗಿ ಶುಭಶ್ರೀಯ ಗಂಡ. ಗುಂಪಿನಲ್ಲಿ ಇವರ ಪರಮಶಿಷ್ಯ. ಇವರು ಏನು ಹಾಕಿದರೂ ಅರೆ ನಿಮಿಷದಲ್ಲಿ ಎರಡು ಕೈ ಮುಗಿದ ಚಿತ್ರ ಬರುವುದು ಅವರಿಂದಲೇ. ನಾನು ಪದ್ಧತಿಯಂತೆ ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು ತಂದಿಟ್ಟೆ. ಕುದಿಸಿ, ಸೋಸಿ, ಆರಿಸಿದ ನೀರು.

ಮುರಳಿ ಭಾವ ಲೋಟ ನೋಡಿದರು, ಇವರನ್ನು ನೋಡಿದರು. ಪಾಪ, ಸಂಕೋಚದಿಂದ ಒಮ್ಮೆ ಕೆಮ್ಮಿದರು.

“ಬೇಡ ಅತ್ತಿಗೆ, ನನ್ನತ್ರ ಬಾಟ್ಲಿ ಉಂಟು” ಎಂದು ಚೀಲಕ್ಕೆ ಕೈಹಾಕಿದರು. “ತಪ್ಪು ತಿಳ್ಕೊಳ್ಬೇಡಿ ಭಾವ, ಆರೋಗ್ಯದ ಪ್ರಶ್ನೆ. ನೀವೇ ಹೇಳಿಕೊಟ್ಟದ್ದಲ್ವಾ?”

“ಕುದಿಸಿದ ನೀರು ಮಾರಾಯ” ಎಂದರು ಇವರು. ಸ್ವರ ಕೊನೆಯ ಬೆಂಚಿಗೆ ಮುಟ್ಟಲಿಲ್ಲ.

“ಇರ್ಲಿ ಭಾವ, ಇರ್ಲಿ” ಎಂದು ಮುರಳಿ ಭಾವ ತಮ್ಮ ಬಾಟಲಿಯಿಂದಲೇ ಕುಡಿದರು. ಇವರು ಅದನ್ನೇ ನೋಡುತ್ತಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಇವರ ಮುಖ ಹಾಗೆ ಆದದ್ದು ನಾನು ನೋಡಿಲ್ಲ. ನನಗೆ ಪಾಪ ಎನಿಸಿತು ಎಂದು ಬರೆದರೆ ಚೆಂದ ಕಾಣುತ್ತದೆ. ಎನಿಸಲಿಲ್ಲ, ಖುಷಿಯೇ ಆಯಿತು.

ಮುರಳಿ ಭಾವ ಹೋದ ಮೇಲೆ ಇವರು ತುಂಬಾ ಹೊತ್ತು ಆ ಕುರ್ಚಿಯಲ್ಲೇ ಕೂತಿದ್ದರು. ಕೊನೆಗೆ ನೆಲ ನೋಡುತ್ತಾ ಹೇಳಿದರು, “ತುಂಗಾ, ನಾಳೆ ಹೆಜಮಾಡಿಗೆ ಹೋಗುವ. ಲ್ಯಾಬ್ ಗೀಬ್ ಬೇಡ. ನಾನು ಆ ನೀರು ಕುಡೀತೇನೆ.”

“ನಿನ್ನೆ ಬೀಪಾತುಮ್ಮ ಫೋನ್ ಮಾಡಿದ್ರು” ಎಂದೆ. “ಮನೆ ಕೊಟ್ಟಾಯ್ತಂತೆ.”

“ಯಾರಿಗೆ?”

“ಕಕ್ಕಿಂಜೆಯವಳು, ಸುಪ್ರೀತಾ ಅಂತ. ಮುಲ್ಕಿಯಲ್ಲಿ ಟೀಚರಂತೆ. ಗೇಟಿನಲ್ಲಿ ನಿಂತೇ ಕೇಳಿದಳಂತೆ, ‘ಅಕ್ಕಾ, ಬಾಯಾರಿಕೆ ಆಗ್ತದೆ, ಕುಡಿಲಿಕ್ಕೆ ಸ್ವಲ್ಪ ನೀರು ಉಂಟಾ’ ಅಂತ. ಆ ಕಂಡಿ ಹಾಗೇ ಇರ್ಲಿ ಅಂತಲೂ ಹೇಳಿದ್ದಾಳಂತೆ.”

ಮೊದಲ ಸಲ ಇವರಲ್ಲಿ ವೈಜ್ಞಾನಿಕ ಕಾರಣ ಖಾಲಿಯಾಗಿತ್ತು. ಅದನ್ನು ನೋಡಬೇಕೆಂದು ಎಷ್ಟು ವರ್ಷ ಕಾದಿದ್ದೆ, ಆದರೆ ಆಗಿನ ಖುಷಿ ಈಗ ಇರಲಿಲ್ಲ. ಹೋದದ್ದು ನನ್ನ ಕಿಟಕಿ.

ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಎರಡು ಲೋಟಗಳಲ್ಲೂ ನೀರು ತುಂಬಿದಂತೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ, ತೊಳೆಯುವ ಅಗತ್ಯವೇ ಇರಲಿಲ್ಲ. ಆದರೆ ಗೋಡೆಯಲ್ಲಿ ಒಂಬತ್ತನೇ ನಿಯಮ ಇದೆ, ಅತಿಥಿಗಳ ಲೋಟವನ್ನು ಎರಡು ಸಲ ತೊಳೆಯಬೇಕು. ಅದನ್ನು ಓದುತ್ತಾ ಎರಡು ಸಲ ತೊಳೆದೆ.