ಇನ್ನೂರ ಹದಿನಾಲ್ಕು ಸಲ ಒಂದೇ ನಂಬರ್

೧

ಎಲ್ಲಿಂದ ಶುರು ಮಾಡಲಿ? ಸಿಂಧನೂರಿನಿಂದ ಶುರು ಮಾಡಿದರೆ ಕಾಲುವೆ, ಭತ್ತದ ಧೂಳು, ರೈಸ್ ಮಿಲ್ಲು ಎಂದು ಒಂದು ಪುಟ ಬರೆಯಬೇಕಾಗುತ್ತದೆ. ನನಗೆ ಬೇಸರ. ಯಶೋಧರಾಳ ಕಣ್ಣಿನಿಂದ ಶುರು ಮಾಡಿದರೆ ಅವಳು ಬೈಯುತ್ತಾಳೆ. ಆದ್ದರಿಂದ ಅವಳ ಕಂಪ್ಯೂಟರಿನಿಂದ ಶುರು ಮಾಡುತ್ತೇನೆ. (ಪ್ರೇಮಕಥೆಯನ್ನು ಡೇಟಾಬೇಸಿನಿಂದ ಶುರು ಮಾಡುವ ಪುಣ್ಯಾತ್ಮ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇರಲಿ.)

ಸಿಂಧನೂರು ಬಸ್ ಸ್ಟ್ಯಾಂಡಿನ ಹಿಂದೆ ಎರಡನೇ ಮಹಡಿಯಲ್ಲಿ, ಕ್ಷಯ ರೋಗಿಗಳ ಮನೆಗೆ ಮಾತ್ರೆ ಮುಟ್ಟಿಸುವ ಒಂದು ಸಣ್ಣ ಸಂಸ್ಥೆ ಇದೆ. ಹುಡುಕಿಕೊಂಡು ಹೋಗಬೇಡಿ, ಈ ಕಥೆಗಾಗಿ ಅದನ್ನು ಕಟ್ಟಿದವನು ನಾನೇ. ಅಲ್ಲಿ ಯಶೋಧರಾ ಹನ್ನೊಂದು ವರ್ಷದಿಂದ ಡೇಟಾ ಎಂಟ್ರಿ ಮಾಡುತ್ತಾಳೆ. ವಯಸ್ಸು ಮೂವತ್ತೆಂಟು, ಮದುವೆಯಾಗಿಲ್ಲ. ಸೋಮವಾರ ಮ್ಯಾನೇಜರ್ ಅಮರಗುಂಡಪ್ಪ ಅವಳಿಗೊಂದು ಕೆಲಸ ಹೇಳಿದರು. ಮಸ್ಕಿಯಲ್ಲಿ ರೂಮು ಹಿಡಿದಿರುವ ಸರ್ವೆ ಕಂಪನಿಗೆ ಹಳೆಯ ರೋಗಿಗಳ ಫೈಲು ಕಳಿಸಬೇಕು. ಊರು, ವಯಸ್ಸು, ಗುಣವಾಯಿತೋ ಇಲ್ಲವೋ, ಇಷ್ಟು ಮಾತ್ರ ಹೋಗಬೇಕು. ಹೆಸರು, ಫೋನು, ಷರಾ ಹೋಗಬಾರದು. ಐದು ವರ್ಷ ದಾಟಿದವರ ಆ ಮಾಹಿತಿ ಮೂಲ ಫೈಲಿನಲ್ಲೂ ಉಳಿಯಬಾರದೆಂಬುದು ಸಂಸ್ಥೆಯ ನಿಯಮ.

"ಅವೆಲ್ಲಾ ಕಾಣಾಕತ್ತಿಲ್ಲಲ್ರಿ ಮೇಡಂ," ಎಂದರು ಅಮರಗುಂಡಪ್ಪ ಸ್ಕ್ರೀನಿಗೆ ಮೂಗು ತಾಗಿಸಿ. "ಹಿಂದ ಯಾರೋ ತಗದಾರ. ಹಂಗ ಕಳಿಸಿಬಿಡ್ರಿ."

"ತಗದಿಲ್ರಿ ಸರ್. ಮುಚ್ಚ್ಯಾರ."

ಯಶೋಧರಾ ಎರಡು ಕ್ಲಿಕ್ ಮಾಡಿದಳು. ಮಡಚಿಟ್ಟಿದ್ದ ಕಾಲಂಗಳು ಒಂದೊಂದೇ ಬಿಚ್ಚಿಕೊಂಡವು. ಸಾಲಗುಂದದ ಹುಡುಗಿ, ಹತ್ತೊಂಬತ್ತು ವರ್ಷ, ಪೂರ್ತಿ ಹೆಸರು. ಷರಾ: 'ಮದುವೆ ಗೊತ್ತಾಗಿದೆ, ಗಂಡಿನ ಕಡೆಯವರಿಗೆ ತಿಳಿಯಬಾರದು.' ಅಮರಗುಂಡಪ್ಪ ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ಶುಕ್ರವಾರದೊಳಗ ಸಾಫ್ ಮಾಡ್ರಿಬೇ ಯವ್ವಾ," ಎಂದರು.

೨

(ಎಸೆದ ಡ್ರಾಫ್ಟು.) ಫೈಲು ಹಾಗೆಯೇ ಮಸ್ಕಿಗೆ ಹೋಗುತ್ತದೆ, ಸಾಲಗುಂದದ ಮದುವೆ ಮುರಿಯುತ್ತದೆ, ಪೊಲೀಸರು ಬರುತ್ತಾರೆ. ನಾಲ್ಕು ಪುಟ ಬರೆದಿದ್ದೆ, ಚೆನ್ನಾಗಿಯೇ ಓಡುತ್ತಿತ್ತು. ಆದರೆ ಯಶೋಧರಾ ಕುರ್ಚಿಯಲ್ಲಿ ಕೂತಿರುವಾಗ ಫೈಲು ಸೋರುತ್ತದೆ ಎಂದರೆ ನೀವು ನಂಬಿದರೂ ನಾನು ನಂಬುವುದಿಲ್ಲ. ಹರಿದು ಹಾಕಿದೆ.

೩

ಮಂಗಳವಾರ ಅವಳು ಫೋನ್ ನಂಬರಿನ ಕಾಲಂ ಬಿಚ್ಚಿ ನೋಡಿದಳು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಹತ್ತು ಅಂಕಿ ತುಂಬದಿದ್ದರೆ ಆ ಫಾರಂ ಮುಂದಕ್ಕೆ ಹೋಗುವುದಿಲ್ಲ. ಹೊಲದ ಕೂಲಿಗೆ ಹೋಗುವ ಮುದುಕಿಗೆ ಫೋನೆಲ್ಲಿಂದ ಬರಬೇಕು? ಮೊದಮೊದಲು ಆಪರೇಟರುಗಳು ಹತ್ತು ಒಂಬತ್ತು ಒತ್ತುತ್ತಿದ್ದರು. ಆಮೇಲೆ ಸಾಫ್ಟ್‌ವೇರಿಗೆ ಬುದ್ಧಿ ಬಂದು ಅದನ್ನು ಒಪ್ಪದಾಯಿತು. ಅಂದಿನಿಂದ ಎಲ್ಲರೂ ತಮ್ಮ ತಮ್ಮ ನಂಬರನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಯಶೋಧರಾ ತುಂಬಿದ ರೋಗಿಗಳಲ್ಲಿ ಫೋನಿಲ್ಲದವರಿಗೆಲ್ಲ ಯಶೋಧರಾಳದೇ ನಂಬರ್. ಇದು ತಪ್ಪು, ಎಲ್ಲರಿಗೂ ಗೊತ್ತಿರುವ ತಪ್ಪು.

ಸಾಲಿನ ಕೊನೆಗೆ ತುಂಬಿದವರ ಹೆಸರಿರುತ್ತದೆ; ಆದರೆ ಹುಲಿಗೇಶನ ಹೆಸರಿದ್ದ ಸಾಲುಗಳಲ್ಲಿ ಹುಲಿಗೇಶನ ನಂಬರ್ ಇರಲಿಲ್ಲ. ಅಲ್ಲಿಯೂ ಅವಳದೇ ಇತ್ತು. ಎಣಿಸಿದಳು. ಇನ್ನೂರ ಹದಿನಾಲ್ಕು ಸಲ.

(ನಂಬರನ್ನು ಬರೆಯುವುದಿಲ್ಲ. ನಿಮ್ಮನ್ನು ನಾನು ಬಲ್ಲೆ, ಫೋನ್ ಮಾಡಿಬಿಡುತ್ತೀರಿ.)

೪

ಹುಲಿಗೇಶ ಯಾರೆಂದರೆ: ತುರ್ವಿಹಾಳದವನು. ನಾಲ್ಕು ವರ್ಷ ಅದೇ ರೂಮಿನಲ್ಲಿ, ಅವಳ ಎದುರಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವನು. ಒಂಬತ್ತರ ಬಸ್ಸಿಗೆ ಬರುತ್ತಿದ್ದ. ಬಂದವನೇ ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿ, ತಾನು ಬೆವರು ಒರೆಸಿಕೊಳ್ಳುತ್ತ ಕೂರುತ್ತಿದ್ದ. ಅವಳಿಗೆ ಫೋನ್ ಮಾಡಿದ್ದು ಎರಡೇ ಸಲ, ಎರಡೂ ಸಲ ಕಪಾಟಿನ ಕೀಲಿಯ ಸಲುವಾಗಿ. ಅವನ ಮನೆಯ ಗೋಡೆಗೆ ಹುಲಿಗೆಮ್ಮನ ಫೋಟೋ, ಅವಳ ಮನೆಯ ಗೋಡೆಗೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಆ ಎರಡು ಗೋಡೆಗಳ ನಡುವೆ ಎಷ್ಟು ದೂರವೆಂದು ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಆರು ವರ್ಷದ ಹಿಂದೆ ಅವನನ್ನು ಲಿಂಗಸುಗೂರಿನ ಆಫೀಸಿಗೆ ಹಾಕಿದರು. ಹೋಗುವ ದಿನ ಬಾಗಿಲಲ್ಲಿ ನಿಂತು ಅವನು ಹೇಳಿದ್ದು ಇಷ್ಟು: "ಸ್ಟೇಪ್ಲರ್ ಎಡಗಡಿ ಡ್ರಾದಾಗ ಐತ್ರಿ."

ಆರು ವರ್ಷ ಅವಳಿಗೆ ಅವನು ಬೇಕಾಗಿದ್ದ. ಈಗಲೂ ಬೇಕು. ಸುತ್ತಿ ಬಳಸಿ ಹೇಳುವುದು ನನಗೂ ಬರುತ್ತದೆ, ಆದರೆ ಇದನ್ನು ಹೀಗೆಯೇ ಹೇಳಬೇಕು.

೫

"ಸೋಮಾರಿ ಇದ್ದ, ಕೈಗೆ ಸಿಕ್ಕ ನಂಬರ್ ಹಾಕಿದ," ಎಂದೆ ನಾನು, ಅವಳನ್ನು ಕೆಣಕಲು.

"ಕೈಗೆ ಸಿಗೂದು ಅವ್ರ ನಂಬರ್ರಿ, ನಂದಲ್ಲ," ಎಂದಳು ಯಶೋಧರಾ. "ಎರಡ ಸಲ ಫೋನ್ ಮಾಡಿದ ಮನುಷ್ಯಾಗ ನನ್ನ ನಂಬರ್ ಬಾಯಿಪಾಠ ಹೆಂಗ ಬಂತ್ರಿ? ಕತಿ ಬರಿಯೋರು ನೀವು, ಹೇಳ್ರಿ ನೋಡಮು."

ನನಗೆ ಉತ್ತರ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಅವನ ಬಾಯಿಂದ ಕೇಳುವುದಕ್ಕೂ ಸಂಬಂಧವೇ ಇಲ್ಲ. ಈಗ ಅವಳ ಕೈಯಲ್ಲಿರುವುದು ಆ ಕಾಲಂ ಒಂದೇ. ಅವನಿಗೆ ತಾನು ಬೇಕಾಗಿದ್ದೆ ಎನ್ನಲು ಭೂಮಿಯ ಮೇಲೆ ಬೇರೆ ಸಾಕ್ಷಿಯಿಲ್ಲ. ಶುಕ್ರವಾರದೊಳಗೆ ಅದನ್ನು ಅವಳೇ ಅಳಿಸಬೇಕು. ಬರೀ ಅಳಿಸಿದರೂ ಸಾಲದು, ಅಳಿಸಿದ್ದು ಫೈಲಿನ ಹೊಟ್ಟೆಯಲ್ಲಿ ಉಳಿದಿರುತ್ತದೆ. ಕಾಂಪ್ಯಾಕ್ಟ್ ಎಂಬ ಬಟನ್ ಒತ್ತಬೇಕು. ಒತ್ತಿದ ಮೇಲೆ ದೇವರು ಬಂದರೂ ವಾಪಸ್ ತರಲಾರ.

೫ (ಮತ್ತೊಮ್ಮೆ, ಯಾಕೆಂದರೆ ನನಗೆ ತಡೆಯಲಾಗಲಿಲ್ಲ)

ಬುಧವಾರ ಬೆಳಿಗ್ಗೆ ಅವಳನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕದ ಸೀಟು ಕೊಟ್ಟೆ, ಹೊಸ ಸೀರೆ ಉಡಿಸಿದೆ. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅವಳು ಇಳಿದುಬಿಟ್ಟಳು. ನೇರ ನನ್ನ ಹತ್ತಿರ ಬಂದಳು.

"ಯಾರನ್ನ ಕೇಳಿ ಬಸ್ ಹತ್ತಿಸಿದ್ರಿ?"

"ಓದುಗರಿಗೆ ಆಸೆ ಇರುತ್ತದೆ…"

"ಓದುಗರ ಆಸೆ ಸಲುವಾಗಿ ನಾ ಸೀರಿ ಉಟ್ಕೊಂಡು ಹೋಗಿ, ಅವ್ರ ಆಫೀಸ್ನಾಗ ಎಲ್ಲಾರ ಮುಂದ ಏನಂತ ನಿಂದರ್ಲಿ? ಅವ್ರಿಗೆ ಮನಿ ಮಠ ಇದ್ರ?"

ಹುಲಿಗೇಶನಿಗೆ ಮದುವೆಯಾಗಿದೆಯೋ ಇಲ್ಲವೋ ನನಗೆ ಗೊತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನೀವೂ ಸುಮ್ಮನಿರಿ. ಅವಳು ಸಿಂಧನೂರಿನ ವಾಪಸ್ ಬಸ್ಸು ಹಿಡಿದಳು, ನಾನು ಪ್ಯಾರಾ ಹೊಡೆದು ಹಾಕಿದೆ.

೬

ಮುಕ್ತಾಯಗಳು ಬೇಕಾದಷ್ಟಿವೆ, ಆರಿಸಿಕೊಳ್ಳಿ.

ಅ) ಅವಳು ಫೈಲಿನ ಒಂದು ಕಾಪಿ ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯುತ್ತಾಳೆ, ಮುದುಕಿಯಾಗುವವರೆಗೆ ನೋಡುತ್ತಾಳೆ. ನನಗೆ ಬಹಳ ಹಿಡಿಸಿತ್ತು. ಅವಳು ಒಪ್ಪಲಿಲ್ಲ. "ಆ ನಂಬರ್ ಬಾಜೂಕ ಇನ್ನೂರ ಹದಿನಾಕು ಮಂದಿ ಹೆಸರು, ಬ್ಯಾನಿ ಅದಾವ್ರಿ. ನನ್ನ ಸಲುವಾಗಿ ಅವ್ರನ್ನ ಮನಿಗೆ ಒಯ್ಯಲೇನು?"

ಆ) ಹೆಸರುಗಳನ್ನು ತೆಗೆದು ನಂಬರನ್ನಷ್ಟೇ ಉಳಿಸಿಕೊಳ್ಳುತ್ತಾಳೆ. ಇದಕ್ಕೆ ಅವಳು ನಕ್ಕಳು. ತನ್ನ ನಂಬರನ್ನೇ ತಾನು ಕದ್ದಿಟ್ಟುಕೊಂಡು ನೋಡುತ್ತ ಕೂರುವುದೇ?

ಇ) ಇನ್ನೂ ಬರೆದಿರಲಿಲ್ಲ. ಅಷ್ಟರಲ್ಲಿ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ, ನನ್ನನ್ನು ಒಂದು ಮಾತೂ ಕೇಳದೆ, ಅವಳು ಲಿಂಗಸುಗೂರು ಆಫೀಸಿಗೆ ಲ್ಯಾಂಡ್‌ಲೈನಿನಿಂದ ಫೋನ್ ಹಚ್ಚಿದಳು.

೭

"ಹಲೋ, ಯಾರ್ರಿ?"

"ಸಿಂಧನೂರಿಂದ ಯಶೋಧರಾ ಮಾತಾಡಾಕತ್ತೀನ್ರಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಹುಲಿಗೇಶ ಎದ್ದು ನಿಂತಿರಬೇಕು.

"ಹೇಳ್ರಿ ಯಶೋಧರಾ ಅವ್ರೆ. ಆರಾಮ ಅದೀರಿ?"

"ಆರಾಮ್ರಿ. ಹಳೇ ಫೈಲ್ ಸಾಫ್ ಮಾಡಾಕತ್ತೀನ್ರಿ. ನೀವು ತುಂಬಿದ್ರಾಗ ಒಂದ ನಂಬರ್ ಇನ್ನೂರ ಹದಿನಾಕು ಸಲ ಐತಿ. ತಗೀಬೇಕಂದ್ರ ತುಂಬಿದವ್ರನ್ನ ಕೇಳಬೇಕಂತ ರೂಲ್ ಐತ್ರಿ."

(ಅಂಥ ರೂಲಿಲ್ಲ. ನಾನೂ ಮಾಡಿಲ್ಲ.)

"ಯಾವ ನಂಬರ್ರಿ?"

"ನೈನ್… ನೈನ್… ಸಿಕ್ಸ್… ಫೋರ್…"

ಅಷ್ಟಕ್ಕೆ ಅವಳು ನಿಲ್ಲಿಸಿದಳು. ಸ್ಕ್ರೀನಿನ ಮೇಲೆ ಅಂಕಿಗಳು ಕಣ್ಣಿಗೆ ಕಾಣದಾದವು. ಉಳಿದ ಆರು ಅಂಕಿಗಳನ್ನು ಹುಲಿಗೇಶ ತಾನೇ ಹೇಳಿದ, ನಿಧಾನವಾಗಿ, ಒಂದನ್ನೂ ತಪ್ಪದೆ.

"ಅದ ಏನ್ರಿ?"

"ಹೂಂರಿ, ಅದ," ಎಂದಳು. ಆಮೇಲೆ ಕೇಳಿದಳು: "ತಗೀಲ್ಯಾ?"

೮

ಹುಲಿಗೇಶ ಏನೆಂದನೆಂದು ಇಲ್ಲಿ ಹನ್ನೊಂದು ಸಾಲು ಬರೆದಿದ್ದೆ. ಯಶೋಧರಾ ಪೂರ್ತಿ ಓದಿದಳು, ಎರಡು ಸಲ ಓದಿದಳು.

"ಇವನ್ನ ತಗೀರಿ," ಎಂದಳು.

"ಕಥೆ ಇರುವುದೇ ಅಲ್ಲಿ. ಓದುಗರು ಕಾಯುತ್ತಿದ್ದಾರೆ."

"ಕಾಯ್ಲಿ ಬಿಡ್ರಿ. ನಾ ಆರು ವರ್ಷ ಕಾದೀನಿ."

ತೆಗೆದೆ. ಶುಕ್ರವಾರ ಅವಳು ಕಾಂಪ್ಯಾಕ್ಟ್ ಒತ್ತಿದಳು, ಫೈಲು ಮಸ್ಕಿಗೆ ಹೋಯಿತು, ಊರು, ವಯಸ್ಸು, ಗುಣವಾಯಿತೋ ಇಲ್ಲವೋ ಎಂಬುದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಶನಿವಾರಕ್ಕೆ ಅವಳು ಒಂದು ದಿನದ ರಜೆ ಬರೆದುಕೊಟ್ಟಿದ್ದಾಳೆ. ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಅಮರಗುಂಡಪ್ಪ ಹಾಗೆಯೇ ಸಹಿ ಹಾಕಿದರು.