ಆರು ಫೌಲಿನ ಆಳು

ಆಟಕ್ಕೆ ಮೊದಲು ಕಂಪನಿಯ ಡಬ್ಬಿ ಮಾಂಸ ತಿನ್ನಲೇಬೇಕೆಂಬುದು ಆ ಬ್ಯಾಸ್ಕೆಟ್‌ಬಾಲ್ ತಂಡದ ಕಟ್ಟಳೆ. ಮನಿಲಾದ ಆ ಕ್ರೀಡಾಂಗಣದಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಷ್ಟೂ ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆಗೆದರೆ ಹಂದಿಕೊಬ್ಬಿನ ವಾಸನೆ ಬೆವರಿನ ಕಮಟಿಗೆ ಬೆರೆತು ಗೋಡೆಗೂ ಮೈಗೂ ಹತ್ತಿಕೊಳ್ಳುತ್ತಿತ್ತು. ಫೋಟೋದವನು ಬಂದು ಎಲ್ಲರ ಕೈಯಲ್ಲೂ ಚಮಚ ಎತ್ತಿಸಿ ಪಟ ತೆಗೆದುಕೊಂಡು ಹೋದ ಮೇಲೂ ತಂಡದ ಮ್ಯಾನೇಜರ್ ಬಾಸ್ ನೊನೊಂಗ್ ಬಾಗಿಲಲ್ಲೇ ನಿಂತಿರುತ್ತಿದ್ದ. ಯಾರ ಡಬ್ಬಿ ಖಾಲಿಯಾಯಿತು, ಯಾರದು ಉಳಿಯಿತು ಎಂದು ನೋಡುವುದೂ ಅವನ ಕೆಲಸವೇ.

ಆ ದಿನ ತೆರ್ಯೊ ತನ್ನ ಡಬ್ಬಿಯನ್ನು ತೆರೆಯಲೇ ಇಲ್ಲ. ಬೂಟಿನ ಪಕ್ಕ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

ಹನ್ನೊಂದು ವರ್ಷದಲ್ಲಿ ಇದು ಅವನ ಒಂಬತ್ತನೆಯ ತಂಡ. ಸೋಪಿನ ಕಂಪನಿಗೆ ಆಡಿದ, ಬಣ್ಣದ ಕಂಪನಿಗೆ ಆಡಿದ, ಕೆಮ್ಮಿನ ಔಷಧಿಯವರಿಗೆ, ಟೈರಿನವರಿಗೆ ಆಡಿದ. ಪ್ರತಿ ಕಂಪನಿಯ ಅಂಗಿಯೂ ಕೊನೆಗೆ ಅವನ ಮನೆಯಲ್ಲಿ ನೆಲ ಒರೆಸುವ ಬಟ್ಟೆಯಾಯಿತು. ಹೆಂಡತಿ ಮರ್ಲಿಟಾ ಅದರಲ್ಲೂ ಒಳ್ಳೆಯದು ಕೆಟ್ಟದ್ದು ಆರಿಸುತ್ತಿದ್ದಳು. “ಸೋಪಿನವರ ಅಂಗಿನೇ ವಾಸಿ ಕಣ್ರೀ, ನೀರು ಚೆನ್ನಾಗಿ ಹೀರುತ್ತೆ,” ಅನ್ನುತ್ತಿದ್ದಳು. ತಾನು ಒಂದು ಕಂಪನಿಯಿಂದ ಇನ್ನೊಂದರ ಕೈಗೆ ಹೋಗುವ ಸುದ್ದಿಯನ್ನು ಯಾರೂ ಅವನಿಗೆ ಮುಂದಾಗಿ ಹೇಳಿದ್ದಿಲ್ಲ. ಟೈರಿನವರಲ್ಲಿದ್ದಾಗ ಒಂದು ಬೆಳಿಗ್ಗೆ ಅಭ್ಯಾಸಕ್ಕೆಂದು ಚೀಲ ಹೊತ್ತು ಹೋದರೆ ಗೇಟಿನ ಕಾವಲುಗಾರ ಅಡ್ಡ ನಿಂತ. “ಕುಯಾ, ನಿಮ್ಮನ್ನ ಡಬ್ಬಿಯವರಿಗೆ ಕೊಟ್ಬಿಟ್ರಂತಲ್ಲ. ರೇಡಿಯೋದಲ್ಲಿ ಬಂತು. ಕೇಳ್ಲಿಲ್ವಾ?” ಎಂದ. ಕಿರಿಯರೆಲ್ಲ ಅವನನ್ನು ಕುಯಾ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಒಳಗೆ ಹೋಗಿ ತನ್ನ ಚಪ್ಪಲಿ ತರಲೂ ಬಿಡಲಿಲ್ಲ.

ಬುಟ್ಟಿಗೆ ಚೆಂಡು ಹಾಕುವುದರಲ್ಲಿ ತೆರ್ಯೊ ಅಂಥ ಗಟ್ಟಿಗನೇನಲ್ಲ. ಅವನನ್ನು ಇಟ್ಟುಕೊಳ್ಳುತ್ತಿದ್ದದ್ದು ಫೌಲಿಗೆ. ಎದುರು ತಂಡದಲ್ಲಿ ಯಾರಾದರೂ ಕೈಗೆ ಸಿಗದೆ ಮೆರೆಯುತ್ತಿದ್ದರೆ ಕೋಚು ಬೆಂಚಿನ ಕೊನೆಗೆ ನೋಡುವನು, ತೆರ್ಯೊ ಎದ್ದು ಒಳಗೆ ಹೋಗುವನು. ಕೈ ಮೇಲೆ ಹೊಡೆತ, ಪಕ್ಕೆಗೊಂದು ಮೊಣಕೈ, ಅಂಗಿ ಹಿಡಿದು ಜಗ್ಗುವುದು. ಆರು ಫೌಲು ಮುಗಿದರೆ ಆಟದಿಂದ ಹೊರಗೆ, ಆಮೇಲೆ ಹೆಗಲ ಮೇಲೆ ಟವೆಲು. ಜನ “ಕಟುಕ, ಕಟುಕ” ಎಂದು ಕೂಗಿದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹೊಡೆಸಿಕೊಂಡವನು ಎದ್ದು ನಿಂತು ಬೈಯುತ್ತಿದ್ದ, ಆಟ ಮುಗಿದ ಮೇಲೆ ಇಬ್ಬರೂ ಒಂದೇ ಗಾಡಿಯ ಮುಂದೆ ನಿಂತು ಸುಟ್ಟ ಕೋಳಿಗರುಳು ತಿನ್ನುತ್ತಿದ್ದರು. ಇದೂ ಒಂದು ದುಡಿಮೆ ಎಂದೇ ಅವನು ತಿಳಿದಿದ್ದ.

ಕೋಚ್ ವಾಲ್ದೊ ಡಬ್ಬಿಯ ತಳ ಕೆರೆಯುತ್ತಾ ಅವನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಗಡ್ಡದ ಮೇಲೆ ಕೊಬ್ಬಿನ ಜಿಡ್ಡು ಹೊಳೆಯುತ್ತಿತ್ತು.

“ಡೆನ್ವರನ್ನ ಇವತ್ತು ನಿಲ್ಲಿಸ್ಬೇಕು,” ಎಂದ. ಡೆನ್ವರ್ ಎಂದರೆ ಎದುರು ತಂಡದ ಹೊಸ ಹುಡುಗ. ದೂರದಿಂದ ಎಗರಿ ಚೆಂಡು ಬಿಟ್ಟರೆ ಬಲೆ ಅಲುಗಿದ್ದೂ ಗೊತ್ತಾಗುತ್ತಿರಲಿಲ್ಲ.

“ನಿಲ್ಲಿಸ್ತೀನಿ, ಕೋಚ್.”

“ನಿನ್ನ ತಳ್ಳಾಟ ನೂಕಾಟ ಸಾಲಲ್ಲ ಮಾರಾಯ. ಅವನು ಎಗರ್ತಾನಲ್ಲ, ಇಳಿಯೋ ಜಾಗದಲ್ಲಿ ನಿನ್ನ ಪಾದ ಇರ್ಬೇಕು. ಹೀಗೆ.” ಕೋಚು ಡಬ್ಬಿಯನ್ನು ನೆಲಕ್ಕಿಟ್ಟು, ತನ್ನ ಬೂಟನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿ ತೋರಿಸಿದ. “ಪಾದ ಅಲ್ಲೇ ಮರೆತ್ಬಿಟ್ಟೆ ಅಂತ ಅನ್ಕೋ. ರೆಫರಿಗೆ ಅದೂ ಒಂದು ಫೌಲೇ.”

ಬಾಗಿಲಿನಿಂದ ಬಾಸ್ ನೊನೊಂಗ್ ನಕ್ಕ. “ಮುಂದಿನ ವರ್ಷದ ಕರಾರು ಆಟ ಆದ್ಮೇಲೆ ಮಾತಾಡೋಣ ತೆರ್ಯೊ. ಮಂಡಿ ಬೇರೆ ಸವೆದಿದೆ ನಿಂದು. ಹತ್ತನೇ ತಂಡ ಯಾವನು ಕೊಡ್ತಾನೆ ನಿಂಗೆ?”

ತೆರ್ಯೊ ಉಳಿದವರ ಕಡೆ ನೋಡಿದ. ಒಬ್ಬನೂ ತಲೆ ಎತ್ತಲಿಲ್ಲ. ಚಮಚಗಳು ತಗಡನ್ನು ಕೆರೆಯುತ್ತಲೇ ಇದ್ದವು.

ಸೋಪಿನವರಲ್ಲಿ ಅವನ ಜೊತೆಗಿದ್ದ ಲಾಂದೊ ಹೀಗೆಯೇ ಯಾರದೋ ಪಾದದ ಮೇಲೆ ಇಳಿದಿದ್ದ. ಹಸಿ ಬಿದಿರು ಸೀಳಿದಂಥ ಸದ್ದು. ಎಗರಿದವನಿಗೆ ನೆಲ ಕಾಣುವುದಿಲ್ಲ, ಕಣ್ಣೆಲ್ಲ ಬುಟ್ಟಿಯ ಮೇಲಿರುತ್ತದೆ. ಕೆಳಗಿರುವ ನೆಲವನ್ನು ನಂಬಿಯೇ ಅವನು ಎಗರಿರುತ್ತಾನೆ. ಲಾಂದೊ ಈಗ ಮಾರುಕಟ್ಟೆಯ ಹತ್ತಿರ ಬಾಡಿಗೆ ತ್ರಿಚಕ್ರ ಓಡಿಸುತ್ತಾನೆ, ಇಳಿದರೆ ಕಾಲೆಳೆಯುತ್ತಾನೆ. ತೆರ್ಯೊ ಆಡಿದ ಅಷ್ಟೂ ವರ್ಷದಲ್ಲಿ ಎಲ್ಲಿಗೆ ಬೇಕಾದರೂ ಹೊಡೆದಿದ್ದ, ಕೆಳಗೆ ಪಾದ ಮಾತ್ರ ಇಟ್ಟಿರಲಿಲ್ಲ.

ಎರಡನೆಯ ಪಾಳಿಯಲ್ಲಿ ಕೋಚು ಅವನನ್ನು ಒಳಗೆ ಬಿಟ್ಟ. ಡೆನ್ವರ್ ನೋಡಿ ಹಲ್ಲು ಕಿರಿದ.

“ಓಹೋ, ಕುಯಾ ಬಂದ್ರಾ! ಮೆಲ್ಲಗೆ ಹೊಡೀರಿ, ಭಾನುವಾರ ನಮ್ಮಕ್ಕನ ಮದುವೆ. ಫೋಟೋದಲ್ಲಿ ಮುಖ ಚೆನ್ನಾಗಿ ಬರ್ಬೇಕು.”

“ಮೊದ್ಲು ನಿನ್ನ ಮೂಗು ಒರೆಸ್ಕೊ,” ಎಂದ ತೆರ್ಯೊ.

ಚೆಂಡು ಡೆನ್ವರನ ಕೈಗೆ ಬಂದೊಡನೆ ಹೋಗಿ ಅವನ ಸೊಂಟಕ್ಕೆ ಕೈಯಿಟ್ಟ. ಸೀಟಿ. ಮತ್ತೆ ಬಂತು, ಅಂಗಿ ಹಿಡಿದುಕೊಂಡ. ಸೀಟಿ. ಮುಂದಿನದಕ್ಕೆ ಮಣಿಕಟ್ಟು ಹಿಡಿದು ನಿಂತುಬಿಟ್ಟ, ಸಂತೆಯಲ್ಲಿ ಮಗುವನ್ನು ಹಿಡಿದ ಹಾಗೆ. ಜನ ನಗತೊಡಗಿದರು. ಹಳೆಯ ಪರಿಚಯದ ರೆಫರಿ ಹತ್ತಿರ ಬಂದು, “ಏನಯ್ಯಾ ತೆರ್ಯೊ, ಕೈಗೆ ಲಕ್ವ ಹೊಡೀತಾ?” ಎಂದ.

“ನೀನು ಸೀಟಿ ಊದು. ಊದೋಕೆ ತಾನೇ ಇರೋದು.”

ಕೋಚು ಅಂಕಣದಂಚಿನಲ್ಲಿ ನಿಂತು ಬಾಯಿ ಬಡಿದುಕೊಂಡ. “ಎಗರಿದಾಗ ಕಣೋ! ಎಗರಿದಾಗ!” ತೆರ್ಯೊ ಆಗಲೆಂದು ತಲೆಯಾಡಿಸಿದ, ಹೋಗಿ ಡೆನ್ವರನ ಅಂಗಿಯನ್ನೇ ಮತ್ತೆ ಹಿಡಿದ. ಐದು ಫೌಲು ತುಂಬುತ್ತಿದ್ದಂತೆ ಕೋಚು ಅವನನ್ನು ಹೊರಗೆ ಎಳೆದುಕೊಂಡು ಪಕ್ಕದಲ್ಲೇ ಕೂರಿಸಿಕೊಂಡ. ಕಿವಿಗೆ ಬಾಯಿಟ್ಟು ಹೇಳಿದ: “ಇನ್ನೊಂದಿದೆ. ಈ ಕೆಲಸಕ್ಕೆ ಒಂದೇ ಸಾಕು. ಕೊನೇ ಪಾಳೀವರೆಗೆ ಕೂತಿರು.” ಬಾಯಿಂದ ಅದೇ ಡಬ್ಬಿಯ ವಾಸನೆ ಹೊಡೆಯಿತು.

ಆ ಒಂದು ಫೌಲನ್ನು ಉಳಿಸಿಕೊಂಡು ತೆರ್ಯೊ ಬೆಂಚಿನ ಮೇಲೆ ಕೂತ. ಮರ್ಲಿಟಾ ನೆನಪಾದಳು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ನೆನಪಾದರು. ಬಾಸ್ ಹೇಳಿದ್ದು ನಿಜ. ಹತ್ತನೆಯ ತಂಡ ಎಲ್ಲೂ ಇಲ್ಲ. ಇಂದು ಪಾದ ಮರೆತರೆ ಇನ್ನೊಂದು ವರ್ಷದ ಅನ್ನ, ಮರೆಯದಿದ್ದರೆ ಅದೂ ಇಲ್ಲ.

ಕೊನೆಯ ಪಾಳಿಯಲ್ಲಿ ಎರಡು ತಂಡಗಳ ನಡುವಿನ ಅಂತರ ಒಂದು ಬುಟ್ಟಿಗೆ ಬಂದು ನಿಂತಿತ್ತು. ಕೋಚು ಅವನ ಬೆನ್ನು ತಟ್ಟಿ ಕಳಿಸಿದ. ಡೆನ್ವರ್ ಚೆಂಡು ಪುಟಿಸುತ್ತಾ ನಡುಗೆರೆಯನ್ನು ಇನ್ನೂ ದಾಟಿರಲಿಲ್ಲ. ಎಗರುವ ಯೋಚನೆಯೂ ಅವನಿಗೆ ಬಂದಿರಲಿಕ್ಕಿಲ್ಲ. ತೆರ್ಯೊ ನೇರ ಅವನ ಹತ್ತಿರ ಹೋಗಿ ಎರಡೂ ತೋಳು ಚಾಚಿ, ಚೆಂಡು ಸಮೇತ ತಬ್ಬಿಕೊಂಡುಬಿಟ್ಟ. ಕ್ರೀಡಾಂಗಣವೆಲ್ಲ ಗೊಳ್ಳೆಂದಿತು. “ಮುತ್ತು ಕೊಡಯ್ಯಾ!” ಎಂದು ಮೇಲಿನ ಸಾಲಿನಿಂದ ಯಾರೋ ಕೂಗಿದರು.

“ಏನ್ ಕುಯಾ, ಹುಚ್ಚು ಹಿಡೀತಾ?” ಎಂದು ಡೆನ್ವರ್ ಕೊಸರಿಕೊಂಡ. “ವಯಸ್ಸಾಯ್ತು ನಿಮಗೆ, ಮನೆಗೆ ಹೋಗಿ.”

ಸೀಟಿ. ಆರನೆಯದು. ತೆರ್ಯೊ ಹೊರಗೆ ನಡೆದ.

ಕೋಚು ಅವನ ಮುಖವನ್ನೂ ನೋಡಲಿಲ್ಲ, ಬೆಂಚಿನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಪುರಿನೊ ಎಂಬ ಹೊಸಬ ಮೇಲಂಗಿ ಕಳಚಿ ಎದ್ದು ನಿಂತಿದ್ದ. ಅದುವರೆಗೆ ಒಂದು ಆಟವನ್ನೂ ಪೂರ್ತಿ ಆಡದ ಹುಡುಗ. ಒಳಗೆ ಓಡುವ ಸಂಭ್ರಮ ಮುಖದ ಮೇಲೆ ಕಾಣುತ್ತಿತ್ತು.

“ಬೇಡ ಕಣೋ ಪುರಿನೊ,” ಎಂದು ತೆರ್ಯೊ ಅವನ ತೋಳು ಹಿಡಿದ.

“ಬಿಡಿ ಕುಯಾ. ನಿಮ್ಮ ಕೈಲಿ ಆಗ್ಲಿಲ್ಲ ಅಂತ ನನ್ನ ಅವಕಾಶನೂ ಹಾಳ್ಮಾಡ್ಬೇಡಿ.”

ಮುಂದಿನದನ್ನು ತೆರ್ಯೊ ನೋಡಲಿಲ್ಲ. ಒಳಕೋಣೆಗೆ ಹೋಗುವ ಓಣಿಯಲ್ಲಿದ್ದಾಗ ಜನರ ಕೂಗು ಕತ್ತರಿಸಿದಂತೆ ನಿಂತಿತು. ಆಮೇಲೆ ಒಬ್ಬನೇ ಒಬ್ಬ ಚೀರುವುದು ಕೇಳಿಸಿತು. ದನಿ ಡೆನ್ವರನದು.

ಡಬ್ಬಿಯವರು ಗೆದ್ದರು. ಬಾಸ್ ನೊನೊಂಗ್ ಕುಣಿಯುತ್ತಾ ಒಳಗೆ ಬಂದ, ಪುರಿನೊನ ತಲೆ ಸವರಿದ, ಆಮೇಲೆ ತೆರ್ಯೊನ ಕಡೆ ಬಂದ. ಬೈಯುತ್ತಾನೆಂದು ತೆರ್ಯೊ ಕಾದಿದ್ದ. ಬೈಯಲಿ ಎಂದೇ ಅವನಿಗಿತ್ತು.

“ಏನ್ ತಬ್ಬಿಕೊಂಡೆಯೋ ನೀನು!” ಬಾಸ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಕಂಪನಿಯ ದೊಡ್ಡ ಧಣಿಗಳು ನಕ್ಕೂ ನಕ್ಕೂ ಕಣ್ಣು ಒರೆಸ್ಕೊಂಡ್ರು. ಟೀವಿ ಜಾಹೀರಾತು ಮಾಡ್ಸೋಣ ಅಂದ್ರು. ನೀನು ನಮ್ಮ ಡಬ್ಬಿನ ಹಾಗೇ ತಬ್ಕೋಬೇಕು. ಕರಾರು ಇನ್ನೊಂದು ವರ್ಷ. ಖುಷೀನಾ?”

“ಆ ಹುಡುಗನ ಕಾಲು?”

“ಯಾವ ಹುಡುಗ?”

ತೆರ್ಯೊನ ಗಂಟಲಿಗೆ ಹುಳಿನೀರು ಬಂತು. ಬೂಟಿನ ಪಕ್ಕದಲ್ಲಿದ್ದ ತನ್ನ ಡಬ್ಬಿಯನ್ನು ಎತ್ತಿ ಬಾಸ್‌ನ ಕೈಯಲ್ಲಿಟ್ಟ.

“ಇದನ್ನ ನೀವೇ ತಬ್ಕೊಳ್ಳಿ ಬಾಸ್.”

ಅಂಗಿಯನ್ನು ಅಲ್ಲೇ ಬೆಂಚಿನ ಮೇಲೆ ಕಳಚಿಟ್ಟ, ಮನೆಯ ನೆಲಕ್ಕೂ ಅದು ಬೇಡವೆನಿಸಿತು. ಬನಿಯನ್ನಿನಲ್ಲೇ ಹೊರಬಿದ್ದ. ಕ್ರೀಡಾಂಗಣದ ಗೇಟಿನ ಕಾವಲುಗಾರ ಸಣ್ಣ ರೇಡಿಯೋ ಕಿವಿಗೆ ಹಿಡಿದಿದ್ದ.

“ಕುಯಾ, ಗೆದ್ರಂತಲ್ಲ! ಇಷ್ಟು ಬೇಗ ಎಲ್ಲಿಗೆ?”

“ನಾನು ಈ ತಂಡದಲ್ಲಿಲ್ಲ.”

“ರೇಡಿಯೋದಲ್ಲಿ ಏನೂ ಬರ್ಲಿಲ್ಲವಲ್ಲ!”

“ಬರುತ್ತೆ, ಕೇಳ್ತಿರು,” ಎಂದ ತೆರ್ಯೊ. ಗೇಟು ದಾಟಿ, ಬಾಯಲ್ಲಿ ಕೂಡಿದ್ದ ನೀರನ್ನೆಲ್ಲ ಚರಂಡಿಗೆ ಉಗುಳಿದ. ಆಸ್ಪತ್ರೆಯ ಗಾಡಿ ಹೋದ ದಿಕ್ಕು ಯಾವುದೆಂದು ಕೇಳಿಕೊಂಡು ಆ ಕಡೆಗೆ ನಡೆದ.