ಪಾದ್ರಿಯ ಮೂಗಿನ ಕಲ್ಲು

ಠಣ್ — ಬಕೆಟ್ಟಿಗೆ ಇನ್ನೊಂದು ಕಲ್ಲು, ಸದ್ಯ, ಇನ್ನೂ ಕಲ್ಲಿದೆ, ಈ ಓಝಾರ್ಕ್ ಗುಡ್ಡಗಳಲ್ಲಿ ಆಲೂಗಡ್ಡೆ ನೆಟ್ಟರೂ ಕಲ್ಲೇ ಬೆಳೆಯುತ್ತದೆ ಎಂದು ಅಪ್ಪ ಸಾಯುವವರೆಗೂ ಗೊಣಗಿದ, ನೇಗಿಲು ಮುರಿದಾಗಲೆಲ್ಲ ನೆಲಕ್ಕೆ ಹಿಡಿಶಾಪ ಹಾಕಿದ, ಅದೇ ಹಾಳು ನೆಲ ಈಗ ಹಾರ್ಲನ್‌ನ ಕೈ ಹಿಡಿದಿದೆ, ಕಲ್ಲಿರುವವರೆಗೆ ಗುರಿಹಲಗೆಯ ಹಿಂದೆ ಗುಂಡು ತಡೆಯುವ ಈ ಮಣ್ಣಿನ ದಿಬ್ಬ ಮುಗಿದಂತಲ್ಲ, ದಿಬ್ಬ ಮುಗಿಯದೆ ಗುಂಡು ಹಾರಿಸುವಂತಿಲ್ಲ, ಕಲ್ಲಿಗೆ ತಗುಲಿದ ಗುಂಡು ಎತ್ತ ಚಿಮ್ಮೀತು ಎಂದು ದೇವರಿಗೂ ಗೊತ್ತಿರುವುದಿಲ್ಲ, ಈ ಕಣಿವೆಯಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತಿರುವ ಮಾತು ಇದು, ಆದ್ದರಿಂದ ಜರಡಿ, ನೆರೆಯ ರಾಸ್ಕೋನ ಅಮ್ಮ ಮಲಗುತ್ತಿದ್ದ ಹಳೇ ಮಂಚದ ಸ್ಪ್ರಿಂಗಿನ ಚೌಕಟ್ಟನ್ನೇ ನಾಲ್ಕು ಮರದ ದಿಮ್ಮಿಗಳ ಮೇಲೆ ಇಟ್ಟು ಮಾಡಿಕೊಂಡ ಜರಡಿ, ಅದರ ಮೇಲೆ ಟ್ರ್ಯಾಕ್ಟರಿನಿಂದ ಮಣ್ಣು ಸುರಿ, ಕೆಳಗೆ ಬಿದ್ದ ನುಣ್ಣನೆಯ ಮಣ್ಣನ್ನು ದಿಬ್ಬಕ್ಕೆ ಒಯ್ಯಿ, ಮತ್ತೆ ಮಂಡಿಯೂರಿ ಕುಳಿತು ಬೆರಳಿನಿಂದ ಹುಡುಕು — ಬೇಸಿಗೆಯಿಂದ ಇದೇ ಕೆಲಸ, ಈಗ ಹಿಕರಿ ಮರದ ಎಲೆಗಳು ಹಳದಿಯಾಗಿ ಉದುರುತ್ತಿವೆ, ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಮೂರು ದಿಬ್ಬ ಕಟ್ಟಿ ಮೂರು ಜಿಂಕೆ ಹೊಡೆದು ಉಪ್ಪು ಹಾಕುತ್ತಿದ್ದರು. ಬಂದೂಕುಗಳು ಅಗೋ ಅಲ್ಲಿವೆ, ಪಿಕಪ್ಪಿನ ಹಿಂದಿನ ಸೀಟಿನಲ್ಲಿ, ಕೌದಿ ಹೊದ್ದು ಮಲಗಿವೆ, ಬೀಗದಕೈ ಹಾರ್ಲನ್‌ನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿದೆ, ಹುಲ್ಲುಗಾವಲಿನ ಆಚೆ ರಾಸ್ಕೋನ ಮನೆಯ ಹೊಗೆಕೊಳವೆಯಿಂದ ಹೊಗೆ ಏಳುತ್ತಿದೆ, ಕಾಫಿ ತರ್ತೀನಿ ಇರು ಎಂದು ಒಳಗೆ ಹೋದವನು ಇನ್ನೇನು ಬರುತ್ತಾನೆ, ಬಂದವನು ಕೈ ಚಾಚುತ್ತಾನೆ, ಅವನ ಬಂದೂಕು ಅವನಿಗೆ ಕೊಡಲೇಬೇಕು.

ಅವನದೇ ಅಲ್ಲವೇ, ಫೆಬ್ರವರಿಯ ಆ ಬೆಳಗ್ಗೆ ಅವನೇ ತಂದಿಟ್ಟದ್ದು, ದನದ ತೊಟ್ಟಿಯ ನೀರು ಹೆಪ್ಪುಗಟ್ಟಿತ್ತು, ಹಾರ್ಲನ್ ಕೊಡಲಿಯಿಂದ ಒಡೆಯುತ್ತಿದ್ದ, ರಾಸ್ಕೋನ ಗಾಡಿ ಬಂದು ನಿಂತಿತು, ಇಂಜಿನ್ ಆರಿಸದೆ ಇಳಿದ, ಗಡ್ಡ ಬೆಳೆದಿತ್ತು, ಮೂಗಿನ ಹೊಳ್ಳೆಗಳಿಂದ ಬಿಳಿ ಹಬೆ ಬುಸ್ಸೆಂದು ಬರುತ್ತಿತ್ತು, ಏನೋ ಹಾರ್ಲನ್, ನಿನ್ ಕಪಾಟಲ್ಲಿ ಜಾಗ ಇದೆಯೇನೋ ಅಂದ, ಇದೆ, ಇವನ್ನ ಸ್ವಲ್ಪ ದಿನ ಇಟ್ಕೊಂಡಿರ್ತೀಯಾ, ಇಟ್ಕೋತೀನಿ, ಅಷ್ಟೇ ಮಾತು, ಹೆಂಡತಿ ಓಪಲ್‌ಳ ಅಜ್ಜಿ ಹೊಲಿದ ಕೌದಿಗಳಲ್ಲಿ ಸುತ್ತಿ ತಂದಿದ್ದ, ಅವನಪ್ಪನ ಚರೆಬಂದೂಕು, ಜಿಂಕೆಯ ರೈಫಲ್ಲು, ಮಗಳು ಮೊದಲ ಅಳಿಲು ಹೊಡೆದ ಸಣ್ಣ ಬಂದೂಕು, ಒಂದನ್ನೂ ಬಿಟ್ಟಿರಲಿಲ್ಲ, ಆಮೇಲೆ ಇಬ್ಬರೂ ನಿಂತು ಚಳಿಯ ಬಗ್ಗೆ, ಹುಲ್ಲಿನ ಬಗ್ಗೆ ಮಾತಾಡಿದರು. ಈ ಕಡೆಯ ಗಂಡಸು ಹೆಂಡತಿಯನ್ನು ಬಿಟ್ಟಾನು ಬಂದೂಕು ಬಿಡಲಾರ, ಅಂಥವನು ತಾನಾಗಿ ತಂದು ಪಕ್ಕದವನ ಕೈಗಿಟ್ಟರೆ ಅದಕ್ಕೆ ಇರುವುದು ಒಂದೇ ಅರ್ಥ — ನನ್ನ ಮೇಲೆ ನನಗೇ ನಂಬಿಕೆಯಿಲ್ಲ — ಅದನ್ನು ಬಾಯಲ್ಲಿ ಹೇಳುವುದಿಲ್ಲ, ಇಟ್ಟುಕೊಂಡವನು ಯಾಕೆ ಎಂದು ಕೇಳುವುದಿಲ್ಲ, ಊರಲ್ಲಿ ಡಂಗುರ ಹೊಡೆಯುವುದಿಲ್ಲ, ಅದು ಇಲ್ಲಿಯ ಮರ್ಯಾದೆ, ಅಪ್ಪನೂ ಹೀಗೇ ಒಬ್ಬರದು ಇಟ್ಟುಕೊಂಡಿದ್ದ, ಆದರೆ ಹಿಂದಕ್ಕೆ ಕೊಡುವುದು ಯಾವಾಗ ಎಂದು ಅಪ್ಪ ಹೇಳಿಕೊಡಲಿಲ್ಲ, ಯಾರೂ ಹೇಳಿಕೊಟ್ಟಿಲ್ಲ, ಇಟ್ಟುಕೊಳ್ಳುವುದಕ್ಕೆ ಒಂದು ರೀತಿ ಇದೆ, ಕೊಡುವುದಕ್ಕೆ ಇಲ್ಲ. ಕಾರಣವಾದರೂ ಇದ್ದಿದ್ದರೆ ಆಗುತ್ತಿತ್ತು, ಸಾವು, ಜಗಳ, ಕಾಯಿಲೆ, ಏನೋ ಒಂದು, ಕಾರಣ ಹೋಯಿತೋ ಇಲ್ಲವೋ ಎಂದು ನೋಡಬಹುದಿತ್ತು, ರಾಸ್ಕೋಗೆ ಏನೂ ಆಗಿರಲಿಲ್ಲ, ಓಪಲ್ ಚೆನ್ನಾಗಿದ್ದಾಳೆ, ಮಗಳು ಚೆನ್ನಾಗಿದ್ದಾಳೆ, ಬಾವಿ ಕೊರೆಯುವ ಕೆಲಸಕ್ಕೆ ಜನ ಕಾಯುತ್ತಿದ್ದರು, ಸುಮ್ಮನೆ ಒಂದು ದಿನ ಮನುಷ್ಯ ಕುರ್ಚಿಯಲ್ಲಿ ಕೂತ, ಏಳಲಿಲ್ಲ. ಪಟ್ಟಣದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಾನೆ ಎಂದು ಓಪಲ್ ಹೇಳುತ್ತಾಳೆ.

ಜೂನ್‌ನಲ್ಲಿ ಎದ್ದ, ಎದ್ದವನು ಬಾಯಿಬಿಟ್ಟು ಆಡಿದ ಮೊದಲ ಉದ್ದದ ಮಾತೇ ಇದು, ಹುಲ್ಲುಗಾವಲಿನ ತುದೀಲಿ ನಮ್ದೇ ಒಂದು ಗುರಿ ಹೊಡೆಯೋ ಜಾಗ ಮಾಡ್ಕೊಳ್ಳೋಣ ಕಣೋ, ಬೇಟೆ ಹಂಗಾಮಿಗೆ ಮುಂಚೆ ಪಟ್ಟಣದ ಕ್ಲಬ್ಬಿಗೆ ಹೋಗಿ ಆ ಹುಡುಗರ ಹಿಂದೆ ಸಾಲು ನಿಲ್ಲೋದು ಯಾಕೆ, ನಿನ್ ಟ್ರ್ಯಾಕ್ಟರ್ ಇದೆ, ನನ್ ಜಾಗ ಇದೆ, ಅಂದ, ಓಪಲ್ ಅಡುಗೆಮನೆಯಲ್ಲಿ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ಹಾರ್ಲನ್‌ನ ಮುಖ ನೋಡಿದಳು, ಹಾರ್ಲನ್ ಗೋಡೆ ನೋಡಿದ. ಚರ್ಚಿನಲ್ಲಿ ಎಲ್ಲರಿಗೂ ಸಂತೋಷ, ಮನುಷ್ಯ ಮತ್ತೆ ಮನುಷ್ಯನಾದ ಎಂದರು, ಅವರಿಗೇನು ಗೊತ್ತು, ಕೌದಿಗಳು ಎಲ್ಲಿವೆ ಎಂದು ಗೊತ್ತಿರುವುದು ನಾಲ್ಕೇ ಜನಕ್ಕೆ, ಅವರಲ್ಲಿ ನಾಲ್ಕನೆಯವಳು ಮ್ಯಾಕ್ಸೀನ್, ಹಾರ್ಲನ್‌ನ ಹೆಂಡತಿ, ಅವಳಿಗೆ ಮರ್ಯಾದೆ ಗಿರ್ಯಾದೆ ಎಂದರೆ ಮೈಯುರಿ, ಬಾಯಿ ಬಿಟ್ಟು ಕೇಳು, ಸಾಯೋ ಯೋಚನೆ ಇದೆಯಾ ಅಂತ ಕೇಳು, ಕೇಳಿದ್ರೆ ಯಾರೂ ಸಾಯಲ್ಲ ಹಾರ್ಲನ್, ಕೇಳದೇ ಇದ್ರೆ ಸಾಯ್ತಾರೆ, ಅಂದಳು, ಕೇಳ್ತೀನಿ ಅಂದ, ದಿನವೂ ಬೆಳಗ್ಗೆ ಕೇಳಬೇಕೆಂದೇ ಹೊರಡುವುದು, ಇಲ್ಲಿಗೆ ಬಂದು ಇವತ್ತು ಮಣ್ಣು ಒದ್ದೆ ಇದೆ ಎನ್ನುವುದು, ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು, ಅದಕ್ಕೇ ಕಲ್ಲು, ಇನ್ನೂ ಎರಡಡಿ ಎತ್ತರ ಬೇಕು ಕಣೋ, ಇನ್ನೊಂದು ಸಲ ಜರಡಿ ಹಿಡಿಯೋಣ ಕಣೋ, ಟ್ರ್ಯಾಕ್ಟರಿನ ಎಣ್ಣೆಯ ಕೊಳವೆ ಒಡೆಯಿತು ಎಂದು ಒಂದು ವಾರ, ಕೊಳವೆ ಒಡೆದಿರಲಿಲ್ಲ. ಆ ದಿನಗಳಲ್ಲೇ ಸಿಕ್ಕಿದ್ದು ಆ ಕಲ್ಲು, ಬಿಳಿಯದು, ಮುಷ್ಟಿಗಾತ್ರ, ಮುಂದೆ ಉಬ್ಬಿಕೊಂಡು ಕೆಳಗೆ ಎರಡು ತೂತು, ಹಾರ್ಲನ್ ಎತ್ತಿ ಹಿಡಿದು, ನೋಡೋ, ನಮ್ ಪಾದ್ರಿ ಮೂಗು, ಕಾಣಿಕೆ ತಟ್ಟೆ ಬಂದಾಗ ಹಿಂಗೇ ಅರಳತ್ತೆ ಅಂದ, ರಾಸ್ಕೋ ನಕ್ಕ, ಮೊದಲು ಹೊಟ್ಟೆಯೊಳಗೆ ಏನೋ ಕುಲುಕಿದ ಹಾಗೆ, ಆಮೇಲೆ ಬಾಯಿ ತೆರೆದು, ಚಳಿಗಾಲದ ನಂತರ ಮೊದಲನೇ ಸಲ, ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂದದ್ದು ನೋಡಲಾಗದೆ ಹಾರ್ಲನ್ ಕಲ್ಲನ್ನು ಬೀಸಿ ಕೆಳಗಿನ ಹಳ್ಳಕ್ಕೆ ಎಸೆದ, ಅದು ನೀರಿಗೆ ಬಿದ್ದ ಸದ್ದು ಇಬ್ಬರೂ ಕೇಳಿದರು.

ನಿನ್ನೆ ಮಧ್ಯಾಹ್ನ ರಾಸ್ಕೋನ ಫೋನು, ನಾಳೆ ಬರುವಾಗ ಅವನ್ನ ತಂದ್ಬಿಡೋ, ದಿಬ್ಬ ಆಯ್ತಲ್ಲ, ದನಿ ಸರಿಯಾಗಿಯೇ ಇತ್ತು, ತೀರಾ ಸರಿಯಾಗಿತ್ತು, ಹಾರ್ಲನ್‌ನ ನಾಲಿಗೆ ಮೇಲಂಗುಳಕ್ಕೆ ಅಂಟಿತು, ಆಮೇಲೆ ಅದೇ ನಾಲಿಗೆ, ಆಯ್ತು, ತರ್ತೀನಿ, ಅಂದಿತು, ಬೇರೆ ಏನು ಹೇಳುವುದು, ಒಬ್ಬ ಗಂಡಸು ತನ್ನ ಸ್ವತ್ತು ಕೇಳಿದರೆ ಕೊಡೊಲ್ಲ ಎನ್ನುವುದು ಹೇಗೆ, ಮ್ಯಾಕ್ಸೀನ್ ನಿನ್ನೆಯಿಂದ ಮಾತು ಬಿಟ್ಟಿದ್ದಾಳೆ, ಬೆಳಗ್ಗೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಓಪಲ್ ಮಾತ್ರ, ರಾಸ್ಕೋ ಶಿಳ್ಳೆ ಹಾಕ್ತಾನೆ ಹಾರ್ಲನ್, ದನ ಕಟ್ಟುವಾಗ ಶಿಳ್ಳೆ ಹಾಕ್ತಾನೆ ಎನ್ನುತ್ತಾಳೆ, ಶಿಳ್ಳೆ ಒಳ್ಳೆಯದೇ, ಅಲ್ಲವೇ, ಮೇಲಿನ ಕಣಿವೆಯ ಟಕರ್ ಪ್ರಾಣ ತೆಗೆದುಕೊಳ್ಳುವ ಹಿಂದಿನ ದಿನ ಬೇಲಿಗೆಲ್ಲ ಬಣ್ಣ ಬಳಿದು ಮುಗಿಸಿದ್ದನಂತೆ, ಅವನೂ ಶಿಳ್ಳೆ ಹಾಕುತ್ತಿದ್ದನೇ, ಗೊತ್ತಿಲ್ಲ, ಅಲ್ಲಿ ನೋಡು, ಗುರಿ ಹೊಡೆಯಲು ಕೂರುವ ಬೆಂಚು, ಓಕ್ ಮರದ್ದು, ರಾಸ್ಕೋನೇ ಮಾಡಿದ್ದು, ಇಬ್ಬರು ಕೂರುವಷ್ಟು ಅಗಲ ಮಾಡಿದ್ದಾನೆ, ಎಣ್ಣೆ ಹಚ್ಚಿದ್ದಾನೆ, ಸಾಯುವವನು ಬೆಂಚಿಗೆ ಎಣ್ಣೆ ಹಚ್ಚುತ್ತಾನೆಯೇ, ಹಚ್ಚುವುದಿಲ್ಲ, ಹಚ್ಚಲೂಬಹುದು, ಟಕರ್ ಬೇಲಿಗೆ ಬಣ್ಣ ಬಳಿಯಲಿಲ್ಲವೇ — ಬೆರಳಿಗೆ ಏನೋ ತಗುಲಿತು, ದಿಬ್ಬದ ಮೇಲ್ಮೈಯಲ್ಲೇ, ನಿನ್ನೆ ಹೊರಡುವ ಮುಂಚೆ ತಾನೇ ಕುಂಟೆಯಿಂದ ಎಳೆದು ಸಮ ಮಾಡಿದ ಜಾಗ, ದುಂಡಗೆ, ತಣ್ಣಗೆ, ಮಣ್ಣು ಸರಿಸಿದರೆ ಬಿಳಿ, ಇನ್ನಷ್ಟು ಸರಿಸಿದರೆ ಎರಡು ತೂತು. ಪಾದ್ರಿಯ ಮೂಗು. ಹಳ್ಳಕ್ಕೆ ಎಸೆದದ್ದು, ನೀರಿಗೆ ಬಿದ್ದದ್ದು, ತೂತಿನೊಳಗೆ ಇನ್ನೂ ಹಳ್ಳದ ಹಸಿರು ಪಾಚಿ ಅಂಟಿಕೊಂಡಿದೆ, ನೆಲ ಕಲ್ಲು ಹಡೆಯುತ್ತದೆ ಸರಿ, ಎಸೆದ ಕಲ್ಲನ್ನು ಹಳ್ಳದಿಂದ ಎತ್ತಿ ತಂದು ಹೂಳುವುದಿಲ್ಲ, ಇದನ್ನು ತಂದದ್ದು ಮನುಷ್ಯನ ಕೈ, ಯಾರ ಕೈ ಎಂದು ಕೇಳಲೇಬೇಕಿಲ್ಲ. ಗುರಿಹಲಗೆ ನಿಲ್ಲುವುದು ಸರಿಯಾಗಿ ಇಲ್ಲೇ, ಇದರ ಮುಂದೆಯೇ, ಕಲ್ಲಿಗೆ ತಗುಲಿದ ಗುಂಡು ಎತ್ತ ಚಿಮ್ಮೀತು, ಬೆಂಚಿನ ಕಡೆಗೇ ಚಿಮ್ಮಿದರೆ, ಅಯ್ಯೋ ಪಾಪ ಆಕಸ್ಮಿಕ ಎನ್ನುತ್ತದೆ ಊರು, ಓಪಲ್ ಕೂಡ ಹಾಗೇ ಅಂದುಕೊಂಡು ಅಳುತ್ತಾಳೆ, ಅದಕ್ಕೇನಾ, ಅದಕ್ಕೇ ಇಟ್ಟನಾ — ಇಲ್ಲ, ಇರು, ನಿಧಾನ, ಬಾವಿ ಕೊರೆದು ಮುದುಕನಾದವನು ಕಲ್ಲನ್ನು ಬಚ್ಚಿಡಬೇಕೆಂದರೆ ಮೊಣಕೈ ಆಳಕ್ಕೆ ಹೂಳುತ್ತಾನೆ, ಇದು ಎರಡು ಬೆರಳಿನ ಆಳ, ಹಾರ್ಲನ್ ದಿನವೂ ಮಂಡಿಯೂರುವ ಜಾಗದ ನೇರಕ್ಕೆ, ಮೊದಲು ಬೆರಳಿಡುವ ಕಡೆಗೆ, ಇದು ಬಚ್ಚಿಟ್ಟದ್ದಲ್ಲ, ಸಿಗಲಿ ಎಂದು ಇಟ್ಟದ್ದು. ಹಾಗಾದರೆ ಮೊನ್ನೆ ಸಿಕ್ಕ ಕಲ್ಲುಗಳು, ಕಳೆದ ವಾರದವು, ಎರಡು ಸಲ ಜರಡಿ ಹಿಡಿದ ಮಣ್ಣಿನಲ್ಲಿ ಹೇಗೆ ಬಂದವಪ್ಪಾ ಎಂದು ತಾನು ಒಳಗೊಳಗೇ ಖುಷಿಪಟ್ಟದ್ದು, ಅವೆಲ್ಲ ಯಾರು ಹಾಕಿದ್ದು, ಇಬ್ಬರು ಮುದಿ ಕತ್ತೆಗಳು ಒಬ್ಬರಿಗೊಬ್ಬರು ಹೇಳದೆ ಒಂದೇ ದಿಬ್ಬವನ್ನು ಮುಗಿಯದ ಹಾಗೆ ಹಿಂದಕ್ಕೆ ಎಳೆಯುತ್ತಿದ್ದೆವಲ್ಲ ಎಂದು ಹಾರ್ಲನ್‌ಗೆ ನಗು ಬಂತು, ನಗುವಿನ ಹಿಂದೆಯೇ ಹೆದರಿಕೆ ಬಂತು.

ರಾಸ್ಕೋ ಬರುತ್ತಿದ್ದಾನೆ, ಎರಡೂ ಕೈಯಲ್ಲಿ ಲೋಟ, ಹುಲ್ಲಿನ ಇಬ್ಬನಿಯಲ್ಲಿ ಕಾಲೆಳೆದುಕೊಂಡು, ಬಲಗಾಲು ಸ್ವಲ್ಪ ಕುಂಟುತ್ತ, ನಿನ್ನೆ ಕುಂಟುತ್ತಿರಲಿಲ್ಲ, ಹಾರ್ಲನ್ ಕಲ್ಲು ಹಿಡಿದು ಬೆಂಚಿನವರೆಗೆ ನಡೆದ, ರಾಸ್ಕೋ ಬಂದ, ಲೋಟಗಳನ್ನು ಬೆಂಚಿನ ಮೇಲಿಟ್ಟ, ಪಿಕಪ್ಪಿನ ಕಡೆ ನೋಡಿದ, ಆಮೇಲೆ ಹಾರ್ಲನ್‌ನ ಕೈಯಲ್ಲಿದ್ದ ಕಲ್ಲನ್ನು ನೋಡಿದ, ಬೇರೆಲ್ಲೂ ನೋಡಲಿಲ್ಲ. ಇದನ್ನ ನಾನು ಹಳ್ಳಕ್ಕೆ ಎಸೆದಿದ್ದೆ, ಅಂದ ಹಾರ್ಲನ್. ಗೊತ್ತು, ಹುಡುಕೋಷ್ಟ್ರಲ್ಲಿ ಕತ್ತಲಾಗ್ತಾ ಬಂತು, ಬಂಡೆ ಮೇಲೆ ಜಾರಿ ಮಂಡಿ ಹೋಯ್ತು, ಅಂದ ರಾಸ್ಕೋ, ಹವಾಮಾನದ ಸುದ್ದಿ ಹೇಳುವ ಹಾಗೆ. ಈಗ ಮಣ್ಣು ಒದ್ದೆ ಇದೆ ಎನ್ನಬಹುದು, ಮಂಡಿಗೆ ಕರ್ಪೂರದೆಣ್ಣೆ ಹಚ್ಚು ಎನ್ನಬಹುದು, ಕಾಫಿ ಕುಡಿಯಬಹುದು, ಮ್ಯಾಕ್ಸೀನ್ ಕುಕ್ಕಿದ ತಟ್ಟೆಯ ಸದ್ದು ಕಿವಿಯಲ್ಲಿ — ಸಾಯಬೇಕು ಅಂತ ಅನ್ನಿಸುತ್ತೇನೋ ರಾಸ್ಕೋ, ಮಾತು ಹೊರಗೆ ಬಿದ್ದೇ ಬಿಟ್ಟಿತು, ಯಾರದೋ ದನಿಯ ಹಾಗೆ ಕೇಳಿಸಿತು, ಒಂದು ಕಾಗೆ ದಿಬ್ಬದ ಮೇಲೆ ಕೂತು ಎದ್ದು ಹೋಯಿತು. ದಿನಾ ಇಲ್ಲ, ಅಂದ ರಾಸ್ಕೋ. ಒಂದು ಲೋಟವನ್ನು ಹಾರ್ಲನ್‌ನ ಕಡೆ ಸರಿಸಿದ, ನಿನ್ನೆ ಅನ್ನಿಸ್ತು, ಫೋನ್ ಮಾಡಿದ್ನಲ್ಲ, ಆಗ, ಅಂದ, ನೀನು ಕೊಡೊಲ್ಲ ಅಂತೀಯ ಅಂದ್ಕೊಂಡಿದ್ದೆ ಕಣೋ, ನೀನು ಆಯ್ತು ಅಂದ್ಬಿಟ್ಟೆ, ಅದಕ್ಕೇ ಹಳ್ಳಕ್ಕೆ ಇಳ್ದೆ.

ಆಯ್ತು, ತರ್ತೀನಿ, ತಾನೇ ಅಂದದ್ದು, ಎಷ್ಟು ಮರ್ಯಾದೆಯಾಗಿ ಅಂದಿದ್ದ, ನಾಲಿಗೆ ಕಿತ್ತು ಹಳ್ಳಕ್ಕೆ ಎಸೆಯಬೇಕು, ನೀರೊಳಗೆ ಕೈಯಿಟ್ಟು ತಡಕುತ್ತಿರುವ ರಾಸ್ಕೋ, ಕತ್ತಲಾಗುತ್ತಿದೆ, ಎಲ್ಲ ಕಲ್ಲೂ ಒಂದೇ ಥರ, ಅವನು ಒಂದೊಂದನ್ನೇ ಎತ್ತಿ ಬೆರಳಿನಿಂದ ತೂತು ಹುಡುಕುತ್ತಿದ್ದಾನೆ, ಆ ಹೊತ್ತಿಗೆ ತಾನು ಕಪಾಟು ತೆರೆದು ಒಂದೊಂದನ್ನೇ ಗಾಡಿಗೆ ತುಂಬುತ್ತಿದ್ದ, ಕಲ್ಲು ಸಿಗದೇ ಹೋಗಿದ್ದರೆ, ಇನ್ನೊಂದು ಗಳಿಗೆ ಕತ್ತಲು ಬೇಗ ಬಂದಿದ್ದರೆ. ಕೊಡೊಲ್ಲ, ಅಂದ ಹಾರ್ಲನ್, ಈಗ ಅಂದ, ಗಟ್ಟಿಯಾಗಿ ಅಂದ, ಕೊಡೊಲ್ಲ ಕಣೋ, ನೀನು ಕೇಳಿದ್ರೂ ಕೊಡೊಲ್ಲ, ಬೈದ್ರೂ ಕೊಡೊಲ್ಲ, ಇವತ್ತು ಡಾಕ್ಟರ ಹತ್ರ ಹೋಗೋಣ, ಓಪಲ್‌ನೂ ಕರ್ಕೊಂಡು, ಅವಳ ಕಾರಲ್ಲೇ ಹೋಗೋಣ, ಅಂದು ಜೇಬಿನ ಬೀಗದಕೈಯನ್ನು ಹೊರಗಿನಿಂದಲೇ ಒತ್ತಿ ಹಿಡಿದ. ರಾಸ್ಕೋ ಕೈ ಚಾಚಿದ, ಬಂದೂಕಿಗಲ್ಲ, ಕಲ್ಲಿಗೆ, ಹಾರ್ಲನ್ ಕೊಟ್ಟ, ರಾಸ್ಕೋ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತೂತಿನ ಪಾಚಿ ತೆಗೆಯುತ್ತಿದ್ದಾನೆ, ಹಾರ್ಲನ್ ಪಕ್ಕದಲ್ಲಿ ಕೂತ, ಇಬ್ಬರು ಕೂರುವಷ್ಟು ಅಗಲವೇ ಇದೆ, ಕಾಫಿ ಆರುತ್ತಿದೆ, ಓಪಲ್ ಬಾಗಿಲಿಗೆ ಬಂದು ನಿಂತಿದ್ದಾಳೆ, ಏಳಬೇಕು, ಇನ್ನೊಂದು ನಿಮಿಷ, ಚಳಿಗೆ ರಾಸ್ಕೋನ ಮೂಗಿನಿಂದ ಹಬೆ ಬರುತ್ತಿದೆ, ಬಿಳಿ, ಎರಡು ಹೊಳ್ಳೆ, ಬಂತು, ನಿಂತಿತು, ನಿಂತೇ ಇದೆ, ಹಾರ್ಲನ್ ತನ್ನ ಉಸಿರು ಹಿಡಿದು ನೋಡಿದ, ಹಾ, ಬಂತು, ಎರಡು ಹೊಳ್ಳೆ, ಬಿಳಿ, ಮತ್ತೆ ಬಂತು.